ಮುಖ ಬಿಡು, ನೆರಿಗೆ ನೋಡು

ಗೆಳೆಯಾ,

ರೋಮನ್ನರ ಪುಟ್ಟ ಕಂಚಿನ ಗೊಂಬೆಗಳೆಲ್ಲ ಒಂದೇ ಥರ ಕಾಣುತ್ತವೆ ಎಂದು ನೀನು ಬರೆದಿದ್ದೆ. ಮುಖದಿಂದ ಶುರು ಮಾಡಿದರೆ ಹಾಗೇ ಆಗುವುದು. ಮೊದಲು ಬಟ್ಟೆ ನೋಡು, ಆಮೇಲೆ ಕೈ.

ಮೊಣಕಾಲ ಮೇಲೇ ನಿಲ್ಲುವ ಅಂಗಿ, ಬಿಗಿದ ನಡುಪಟ್ಟಿ, ಕುಣಿತಕ್ಕೆ ಎರಡೂ ಬದಿ ಹಾರುವ ಅಂಚು, ಕಾಲಿಗೆ ಬೂಟು ಇದ್ದರೆ ಅವನು ಲಾರ್, ಮನೆ ಕಾಯುವ ದೇವರು. ಎತ್ತಿದ ಕೈಯಲ್ಲಿ ಕುಡಿಯುವ ಕೊಂಬು, ಇನ್ನೊಂದರಲ್ಲಿ ತಟ್ಟೆಯೋ ಪುಟ್ಟ ಬಕೆಟ್ಟೋ. ಲಾರ್‌ಗಳು ಸಾಮಾನ್ಯವಾಗಿ ಜೋಡಿ: ಒಬ್ಬ ಬಲಗೈ ಎತ್ತಿದರೆ ಇನ್ನೊಬ್ಬ ಎಡಗೈ. ಕುಣಿಯದೆ ನೆಟ್ಟಗೆ ನಿಂತ ಲಾರ್ ಕೂಡ ಉಂಟು, ಅವನ ಕೈಯಲ್ಲಿ ಹಣ್ಣು ತುಂಬಿದ ಕೊಂಬಿರುತ್ತದೆ.

ಫಜೀತಿ ಏನೆಂದರೆ, ಮೊದಲು ಮುರಿಯುವುದೂ ಕೈಯೇ. ತೋಳು ಸಣ್ಣ, ಎಷ್ಟೋ ಸಲ ಬೇರೆ ಎರಕ ಹೊಯ್ದು ಬೆಸೆದದ್ದು. ವಸ್ತು ಬಿದ್ದುಹೋಗಿದ್ದರೆ ಬೆರಳು ನೋಡು: ಮುಚ್ಚಿದ ಮುಷ್ಟಿಯಲ್ಲಿ ತೂತಿದ್ದರೆ ಹಿಡಿದದ್ದೇನೋ ಉದ್ದದ್ದು, ಅಂಗೈ ಮೇಲೆ ಮಾಡಿ ಚಾಚಿದ್ದರೆ ಬಹುಪಾಲು ತಟ್ಟೆ. ಪೀಠವನ್ನು ಮಾತ್ರ ನಂಬಬೇಡ, ಅದು ಬೇರೆ ಗೊಂಬೆಯದ್ದೂ ಇರಬಹುದು.

ಟೋಗಾದ, ಅಂದರೆ ರೋಮನ್ನರು ಮೈಗೆ ಸುತ್ತಿಕೊಳ್ಳುತ್ತಿದ್ದ ದೊಡ್ಡ ಬಟ್ಟೆಯ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡವನು ಹೆಚ್ಚಾಗಿ ಗೇನಿಯಸ್, ಅಂದರೆ ಯಜಮಾನನ ಜೀವಶಕ್ತಿ. ಇಟಲಿಯ ಹಳೆಯ ಪಟ್ಟಣ ಪಾಂಪೆಯ ವೆಟ್ಟಿ ಮನೆಯ ದೇವರ ಗೂಡಿನ ಚಿತ್ರದಲ್ಲಿ ಅವನೇ ನಡುವೆ, ಕೈಯಲ್ಲಿ ತಟ್ಟೆ ಮತ್ತು ಧೂಪದ ಡಬ್ಬಿ. ಅಕ್ಕಪಕ್ಕ ಕುಣಿಯುವ ಲಾರ್‌ಗಳು, ಕೆಳಗೆ ಹಾವು. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಉಗುಳಿದ ಬೂದಿ ಅದನ್ನು ಉಳಿಸಿಕೊಟ್ಟಿತು. ರೋಮನ್ ಪದ್ಧತಿಯ ಪೂಜೆಗೆ ತಲೆ ಮುಚ್ಚಬೇಕು, ಗ್ರೀಕ್ ಪದ್ಧತಿಗೆ ಬೇಡ. ಹಾಗಾಗಿ ಆ ಸೆರಗು ಬರೀ ಉಡುಪಲ್ಲ, ಪೂಜೆ ನಡೆಯುತ್ತಿದೆ ಎಂಬ ಗುರುತು. ಜನ ದಿನವೂ ಹೀಗೇ ಉಡುತ್ತಿದ್ದರು ಎಂದುಕೊಂಡರೆ ಮೋಸ ಹೋಗುತ್ತೀಯ. ಅರ್ಧವೃತ್ತದ ಆ ಭಾರದ ಉಣ್ಣೆ ಬಟ್ಟೆಗೆ ಪಿನ್ನೂ ಇಲ್ಲ, ಗುಂಡಿಯೂ ಇಲ್ಲ. ಒಂದು ತೋಳು ಅದನ್ನು ಹೊರುವುದಕ್ಕೇ ಮೀಸಲು. ಊರ ನಡುವಿನ ಚೌಕ ಫೋರಂಗೆ ಬರುವವರಾದರೂ ಟೋಗಾ ಉಡಲಿ ಎಂದು ಚಕ್ರವರ್ತಿ ಆಗಸ್ಟಸ್ ಕಟ್ಟಪ್ಪಣೆ ಮಾಡಬೇಕಾಯಿತು!

ಗೂಡಿನ ಮುಂದೆ ಧೂಪ, ವೈನ್, ಧಾನ್ಯ. ತಿಂಗಳ 1ನೇ ದಿನ, ಆಮೇಲೆ ತಿಂಗಳಿಗೆ ತಕ್ಕಂತೆ 5 ಅಥವಾ 7, ಮತ್ತೆ 13 ಅಥವಾ 15ಕ್ಕೆ ಒಲೆಗೆ ಹೂಮಾಲೆ ಹಾಕಿ ಲಾರ್‌ಗೆ ಬೇಡಿಕೊಳ್ಳುವುದು ತೋಟದ ಮೇಲ್ವಿಚಾರಕಿಯ ಕೆಲಸ ಎಂದು ರೋಮನ್ ಲೇಖಕ ಕ್ಯಾಟೋ ಬರೆದಿಟ್ಟಿದ್ದಾನೆ.

ಕಂಚು ಕೊಳ್ಳಲಾಗದವರಿಗೆ ಮಣ್ಣಿನದು. ಗಾಲ್‌ನ, ಅಂದರೆ ಇಂದಿನ ಫ್ರಾನ್ಸ್‌ನ, ಆಲಿಯೇ ಕಣಿವೆಯಲ್ಲಿ ಬಿಳಿ ಜೇಡಿಮಣ್ಣನ್ನು ಮುಂದೊಂದು ಹಿಂದೊಂದು ಅಚ್ಚಿಗೆ ಒತ್ತಿ, ತೆಳು ಕೆಸರಿನಿಂದ ಅಂಟಿಸಿ ಸುಡುತ್ತಿದ್ದರು. ಬೆತ್ತದಂಥ ಹೆಣಿಗೆಯ ಕುರ್ಚಿಯಲ್ಲಿ ಕೂತು ಹಾಲೂಡಿಸುವ ತಾಯಿಯ ಗೊಂಬೆಯನ್ನು ತಿರುಗಿಸಿ ನೋಡು, ಹೆಣಿಗೆ ಬೆನ್ನ ಕಡೆಯೇ ಚೆನ್ನಾಗಿ ಕಾಣುತ್ತದೆ. ಅಚ್ಚು ಸವೆದಂತೆ ನೆರಿಗೆ ಅಳಿಸುತ್ತಾ ಹೋಗುತ್ತದೆ. ನಯವಾಗಿ ಕಂಡಿತೆಂದು ನೆರಿಗೆಯಿಲ್ಲದ ಉಡುಪು ಅಂತ ಬರೆದುಕೊಳ್ಳಬೇಡ.

ನಿನ್ನ ಗೆಳೆಯ