ಬಾಗಿಲು ಕಾಯುವ ತಂದೆ

ಪ್ರಿಯ ಗೆಳೆಯಾ,

ಮಿಲಾನಿನಲ್ಲಿ ಎರಡು ವರ್ಷ ಕಳೆದರೂ ಹಾಡಿನಲ್ಲೇ ನಡೆಯುವ ಇಲ್ಲಿನ ನಾಟಕವಾದ ಒಪೆರಾ ಒಂದನ್ನೂ ನೋಡಲಿಲ್ಲವೇ ಎಂದು ನೀನು ಕೇಳಿದ್ದೆ. ಈಗ ಮೂರು ನೋಡಿದ್ದೇನೆ, ಮೂರೂ ಹತ್ತೊಂಬತ್ತನೆಯ ಶತಮಾನದ ಇಟಲಿಯ ಸಂಗೀತಕಾರ ಜುಸೆಪ್ಪೆ ವೆರ್ದಿಯವು. ಹೊಸಬರು ಅವನಿಂದಲೇ ಆರಂಭಿಸಬೇಕೆಂದು ಇಲ್ಲಿನ ಸಹೋದ್ಯೋಗಿಯೊಬ್ಬರು ಹೇಳಿದ್ದು ನಿಜವಾಯಿತು. ಇದನ್ನು ನಿನ್ನೊಬ್ಬನಿಗೇ ಬರೆಯದೆ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಏಕೆಂದರೆ ಕಂಪನಿ ನಾಟಕವನ್ನು ಹಾರ್ಮೋನಿಯಂ ಪಕ್ಕದಲ್ಲೇ ಕುಳಿತು ನೋಡುತ್ತ ಬೆಳೆದವರಿಗೆ ಈ ಕಲೆ ದೂರದ್ದಲ್ಲ.

ಮೂರರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ‘ರಿಗೊಲೆತ್ತೊ’. ಫ್ರೆಂಚ್ ಲೇಖಕ ವಿಕ್ಟರ್ ಹ್ಯೂಗೋ ಬರೆದ ಇದರ ಮೂಲ ನಾಟಕವನ್ನು 1832ರಲ್ಲಿ ಪ್ಯಾರಿಸ್ಸಿನಲ್ಲಿ ಒಂದೇ ಪ್ರದರ್ಶನದ ನಂತರ ನಿಷೇಧಿಸಿದ್ದರು. ವೆರ್ದಿ ಅದನ್ನು ಕೈಗೆತ್ತಿಕೊಂಡಾಗ ವೆನಿಸ್ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. ದೊರೆಯೊಬ್ಬನನ್ನು ಲಂಪಟನಾಗಿ ತೋರಿಸುವುದಕ್ಕೆ ಅಧಿಕಾರಿಗಳು ಒಪ್ಪಲಿಲ್ಲವಾದ್ದರಿಂದ ನಾಟಕದ ಫ್ರಾನ್ಸಿನ ರಾಜ ಒಪೆರಾದಲ್ಲಿ ಇಟಲಿಯ ಮಾಂಟುವಾದ ಡ್ಯೂಕ್ ಆದ, ಮತ್ತು 1851ರ ಮಾರ್ಚ್ 11ರಂದು ಲಾ ಫೆನಿಚೆ ರಂಗಮಂದಿರದಲ್ಲಿ ಅದು ಮೊದಲ ಬಾರಿಗೆ ರಂಗಕ್ಕೆ ಬಂತು.

ಕೊನೆಯ ಅಂಕದಲ್ಲಿ ನಾಲ್ವರು ಒಟ್ಟಿಗೆ ಹಾಡುತ್ತಾರೆ. ಗೋಡೆಯ ಒಳಗೆ ಡ್ಯೂಕ್ ಇನ್ನೊಬ್ಬಳನ್ನು ಒಲಿಸಿಕೊಳ್ಳುತ್ತಿದ್ದಾನೆ, ಅವಳು ನಗುತ್ತಿದ್ದಾಳೆ. ಗೋಡೆಯ ಹೊರಗೆ ಅವನನ್ನು ನಂಬಿದ್ದ ಜಿಲ್ದಾ ಅಳುತ್ತಿದ್ದಾಳೆ, ಅವಳ ತಂದೆ, ಡ್ಯೂಕನ ಆಸ್ಥಾನದ ವಿದೂಷಕ ರಿಗೊಲೆತ್ತೊ ಸೇಡಿನ ಮಾತಾಡುತ್ತಿದ್ದಾನೆ. ನಾಟಕದಲ್ಲಿ ನಾಲ್ವರು ಒಮ್ಮೆಲೇ ಮಾತಾಡಿದರೆ ಗದ್ದಲವಾಗುತ್ತದೆ. ಇಲ್ಲಿ ನಾಲ್ಕು ಮನಸ್ಸುಗಳೂ ಬೇರೆಬೇರೆಯಾಗಿ ಕೇಳಿಸಿದವು. ಆಮೇಲೆ ಬಿರುಗಾಳಿ. ಮರೆಯಲ್ಲಿ ನಿಂತ ಗಂಡಸರ ಮೇಳ ಬಾಯಿ ಮುಚ್ಚಿ ಗುನುಗುವುದೇ ಅಲ್ಲಿ ಗಾಳಿಯ ಸದ್ದು! ಹಂತಕನಿಗೆ ಹಣ ಕೊಟ್ಟು ಕೊಲ್ಲಿಸಿದ ಡ್ಯೂಕನ ಹೆಣವಿರುವ ಚೀಲ ತನ್ನ ಕೈ ಸೇರಿತೆಂದು ರಿಗೊಲೆತ್ತೊ ಬೀಗುತ್ತಿರುವಾಗಲೇ, ಹೆಣ್ಣಿನ ಮನಸ್ಸು ಚಂಚಲವೆಂಬ ಆ ಹಗುರವಾದ ಹಾಡನ್ನು ಅದೇ ಡ್ಯೂಕ್ ದೂರದಲ್ಲಿ ಹಾಡುತ್ತ ಹೋಗುವುದು ಕೇಳಿಸುತ್ತದೆ. ಚೀಲದಲ್ಲಿ ಇರುವವಳು ಡ್ಯೂಕನ ಬದಲು ತಾನೇ ಇರಿತಕ್ಕೆ ಒಡ್ಡಿಕೊಂಡ ಮಗಳು. ಎಲ್ಲರ ಬಾಯಲ್ಲೂ ಇರುವ ಒಂದು ಜನಪ್ರಿಯ ಧಾಟಿ ಹೀಗೆ ಎದೆಗೆ ಇರಿಯಬಲ್ಲದೆಂದು ನಾನು ಎಣಿಸಿರಲಿಲ್ಲ.

ಆದರೆ ಮನೆಗೆ ಬಂದ ಮೇಲೂ ನನ್ನನ್ನು ಬಿಡದಿರುವುದು ಮೊದಲ ಅಂಕ. ಜಿಲ್ದಾ ತಂದೆಯ ಹೆಸರು ಕೇಳುತ್ತಾಳೆ, ಅವನು ಹೇಳುವುದಿಲ್ಲ. ಚರ್ಚಿಗಲ್ಲದೆ ಬೇರೆಲ್ಲಿಗೂ ಹೋಗಬೇಡವೆನ್ನುತ್ತಾನೆ, ಬಾಗಿಲುಗಳೆಲ್ಲ ಮುಚ್ಚಿವೆಯೇ ಎಂದು ಕೆಲಸದವಳನ್ನು ಮತ್ತೆ ಮತ್ತೆ ವಿಚಾರಿಸುತ್ತಾನೆ. ಹೊರಗೆ ಏನೋ ಸದ್ದಾಯಿತೆಂದು ತಾನೇ ಬಾಗಿಲು ತೆರೆದು ಬೀದಿಗಿಳಿಯುತ್ತಾನೆ; ಆ ತೆರೆದ ಬಾಗಿಲಿನಿಂದಲೇ ಡ್ಯೂಕ್ ಒಳಗೆ ನುಸುಳುತ್ತಾನೆ.

ಆ ಕ್ಷಣ ನನ್ನ ಬೆನ್ನು ತಣ್ಣಗಾಯಿತು. ಮಗಳು ಬೆಂಗಳೂರಿನ ಹಾಸ್ಟೆಲ್ ಸೇರಿದಂದಿನಿಂದ ಅವಳು ಎಲ್ಲಿದ್ದಾಳೆಂಬುದನ್ನು ನನ್ನ ಫೋನಿನಲ್ಲಿ ನೋಡುತ್ತಿದ್ದೆ. ದಿನಕ್ಕೊಮ್ಮೆಯಲ್ಲ, ರಾತ್ರಿ ಎಚ್ಚರವಾದಾಗಲೆಲ್ಲ ನೋಡುತ್ತಿದ್ದೆ. ಕಳೆದ ತಿಂಗಳು ಅವಳು ಅದು ನನಗೆ ಕಾಣದಂತೆ ನಿಲ್ಲಿಸಿದಾಗ ನಾನು ಆಡಬಾರದ ಮಾತು ಆಡಿದೆ. ‘ಅಪ್ಪಾ, ಫೋನ್ ಮಾಡಿದಾಗಲೆಲ್ಲ ಎಲ್ಲಿದ್ದೀಯಾ ಅಂತಲೇ ಕೇಳ್ತೀರಿ. ಒಂದು ದಿನ ಊಟ ಆಯ್ತಾ ಅಂತ ಕೇಳಿದ್ದೀರಾ?’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಅವಳು ತಾಯಿಯೊಡನೆ ಮಾತ್ರ ಮಾತಾಡುತ್ತಾಳೆ.

ವೆರ್ದಿ 1838ರಲ್ಲಿ ಒಂದೂವರೆ ವರ್ಷವೂ ತುಂಬದ ಮಗಳನ್ನು, ಮರುವರ್ಷ ಮಗನನ್ನು, 1840ರಲ್ಲಿ ಹೆಂಡತಿಯನ್ನು ಕಳೆದುಕೊಂಡವನು. ರಿಗೊಲೆತ್ತೊನ ಭಯದಲ್ಲಿ ಆ ಸಾವಿನ ಪಾಲೆಷ್ಟು ಎಂದು ಅಳೆಯಲು ನಾನು ಯಾರು? ಆದರೂ ಕಳೆದ ಭಾನುವಾರ, ವಯಸ್ಸಾದ ಸಂಗೀತಗಾರರಿಗಾಗಿ ಅವನು ಇಲ್ಲಿ ಕಟ್ಟಿಸಿದ ಮನೆಗೆ ಹೋಗಿ, ಅಲ್ಲೇ ಇರುವ ಅವನ ಸಮಾಧಿಯ ಮುಂದೆ ಬಹಳ ಹೊತ್ತು ನಿಂತೆ. ಹಿಂದಿರುಗುವಾಗ ಟ್ರಾಮಿನಲ್ಲಿ ಮಗಳಿಗೆ ‘ಊಟ ಆಯ್ತಾ?’ ಎಂದು ಸಂದೇಶ ಕಳಿಸಿದೆ. ರಾತ್ರಿ ಉತ್ತರ ಬಂತು: ‘ಆಯ್ತು. ಬಿಸಿಬೇಳೆಬಾತ್.’

ಇಷ್ಟೆಲ್ಲ ಬರೆಯಬೇಕೆಂದು ಕುಳಿತವನಲ್ಲ. ನೀನು ಬಂದಾಗ ‘ಲಾ ತ್ರಾವಿಯಾತಾ’ ಇದ್ದರೆ ಇನ್ನೊಮ್ಮೆ ನೋಡೋಣ. 1853ರಲ್ಲಿ ಮೊದಲ ರಾತ್ರಿ ಸೋತು, ಮರುವರ್ಷ ಅದೇ ವೆನಿಸ್ಸಿನಲ್ಲಿ ಗೆದ್ದ ಒಪೆರಾ ಅದು. ಮೇಲಿನ ಅಂತಸ್ತಿನ ಟಿಕೆಟ್ ಅಗ್ಗ, ಆದರೆ ಮುಂದಕ್ಕೆ ಬಾಗಿ ನೋಡಬೇಕು. ನಿನ್ನ ಎತ್ತರಕ್ಕೆ ಅದೇನೂ ಕಷ್ಟವಾಗದು. ಅಮ್ಮನ ಶೇಂಗಾ ಚಟ್ನಿಪುಡಿ ಮರೆಯಬೇಡ.

ನಿನ್ನವನೇ