ಬಿಡೋ ದಿನ ಗೊತ್ತು ಮಾಡು, ಮಾರಾಯ

ಪ್ರೀತಿಯ ಗೆಳೆಯಾ,

ಮತ್ತೆ ಸಿಗರೇಟು ಹಚ್ಚಿದೀಯಂತೆ. ಅದಕ್ಕಿಂತ "ನನ್ನ ಕೈಲಿ ಆಗಲ್ಲ ಬಿಡು" ಅಂದೆಯಲ್ಲ, ಆ ಮಾತು ನನಗೆ ಜಾಸ್ತಿ ಬೇಜಾರು ಮಾಡಿತು.

ನಾನೂ ಎಷ್ಟೋ ಸಲ ಬಿಟ್ಟು ಹಿಡಿದವನೇ ಅಲ್ವಾ? ಇದು ಬರೀ ಮನಸ್ಸು ಗಟ್ಟಿ ಮಾಡೋ ವಿಷಯ ಅಲ್ಲ. ಒಂದು ದಮ್ ಎಳೆದರೆ ಸುಮಾರು 10 ಸೆಕೆಂಡಿಗೆ ನಿಕೋಟಿನ್, ಅಂದರೆ ತಂಬಾಕಿನಲ್ಲಿ ಚಟ ಹಿಡಿಸೋ ಅಂಶ, ಮೆದುಳು ಮುಟ್ಟುತ್ತದೆ. 2 ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ, ಮತ್ತೆ ಬೇಕು ಅನಿಸುತ್ತದೆ. ಹೋದ ಸಲ ಬಿಟ್ಟಾಗ ಮನೆಯವರ ಮೇಲೆ ಸುಮ್‌ಸುಮ್ನೆ ರೇಗಾಡಿದ್ದು ನಿನ್ನ ಗುಣ ಅಲ್ಲ. ಮೊದಲ ಮೂರ್ನಾಲ್ಕು ದಿನ ಆ ತಳಮಳ ಜೋರು. ವಾರಗಳು ಕಳೆದ ಹಾಗೆ ತಗ್ಗುತ್ತದೆ.

ನಮ್ಮ ಕಡೆ ದೊಡ್ಡ ತೊಡಕು ಕಾಫಿ. ಮಳೆ ಹೊಯ್ಯುತ್ತಿರುತ್ತದೆ. ತೀರ್ಥಹಳ್ಳಿ ಬಸ್ಸಿಗೆ ಕಾಯುತ್ತ ಗೂಡಂಗಡಿ ಮುಂದೆ ನಿಂತಿರುತ್ತೇವೆ. ಕೈಯಲ್ಲಿ ಬಿಸಿ ಲೋಟ, ಪಕ್ಕದ ಕಂಬಕ್ಕೆ ಕಟ್ಟಿದ ಹಗ್ಗದ ತುದಿಯಲ್ಲಿ ಕಿಡಿ. ಕೈ ತಾನಾಗೇ ಆ ಕಡೆ ಹೋಗುತ್ತದೆ. ಇದರ ಜೊತೆ ಇನ್ನೊಂದಿದೆ. ಸೇದುವವರ ದೇಹ ಕಾಫಿಯ ಕೆಫೀನನ್ನು ಬೇಗ ಕರಗಿಸುತ್ತದೆ. ಸೇದೋದು ನಿಲ್ಲಿಸಿದರೆ ಅಷ್ಟೇ ಕಾಫಿ ತುಂಬಾ ಹೊತ್ತು ಒಳಗೆ ಉಳಿಯುತ್ತದೆ. ಎದೆ ಡವಗುಟ್ಟುತ್ತದೆ, ನಿದ್ದೆ ಹತ್ತುವುದಿಲ್ಲ. ಸಿಗರೇಟಿಲ್ಲದ್ದಕ್ಕೇ ಹೀಗೆ ಅಂದುಕೊಂಡು ಮತ್ತೆ ಹಚ್ಚುತ್ತೇವೆ! ಈ ಸಲ ಕಾಫಿ ಅರ್ಧಕ್ಕೆ ಇಳಿಸು. ಸಂಜೆಗೆ ಜೀರಿಗೆ ಕಷಾಯ ಸಾಕು.

ಹಾಗಂತ ಕವಳಕ್ಕೆ ಹೊಗೆಸೊಪ್ಪು ಹಾಕೋಕೆ ಹೋಗಬೇಡ. ಅಡಿಕೆ ಸುಲಿಯೋ ಚಪ್ಪರದಲ್ಲಿ ಹಾಗೆ ಬದಲಾಯಿಸಿಕೊಂಡವರನ್ನು ಇಬ್ಬರೂ ನೋಡಿದ್ದೇವೆ. ನಿಕೋಟಿನ್ ಅದೇ, ಬಾಯಿ ಕ್ಯಾನ್ಸರಿನ ಭಯ ಬೇರೆ. ಅಡಿಕೆಯಿಂದ ಅನ್ನ ತಿನ್ನುವ ನನಗೆ ಇದನ್ನು ಬರೆಯೋದು ಕಷ್ಟ, ಆದರೂ ಬರೆಯುತ್ತೇನೆ. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲೇ ಹೇಳಿದೆ.

ನನ್ನನ್ನು ದಾಟಿಸಿದ್ದು ನಿಕೋಟಿನ್ ಗಮ್. ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ನಿನಗೆ ಬಿಪಿ ಇದೆ, ಮೊದಲು ಡಾಕ್ಟರನ್ನು ಕೇಳು. ಇದನ್ನು ಮಾಮೂಲಿ ಚೂಯಿಂಗ್ ಗಮ್ ಥರ ಒಂದೇ ಸಮ ಜಗಿದರೆ ಬಿಕ್ಕಳಿಕೆ ಬರುತ್ತದೆ, ಹೊಟ್ಟೆ ತೊಳಸುತ್ತದೆ. ಬಾಯಿ ಚುರುಚುರು ಅನ್ನೋವರೆಗೆ ನಿಧಾನ ಜಗಿದು, ಕೆನ್ನೆಗೂ ವಸಡಿಗೂ ನಡುವೆ ಒತ್ತಿಟ್ಟುಕೋ. ಚುರುಚುರು ಹೋದ ಮೇಲೆ ಮತ್ತೆ ಜಗಿ. ಗಮ್ ಬಾಯಿಗೆ ಹಾಕೋ 15 ನಿಮಿಷ ಮೊದಲಿಂದ ಕಾಫಿ ಕುಡಿಯಬೇಡ, ಅದು ಸರಿಯಾಗಿ ಕೆಲಸ ಮಾಡೋದಿಲ್ಲ. ತಂಬಾಕು ಬಿಡೋಕೆ ನೆರವಾಗೋ ಸರ್ಕಾರಿ ಸಹಾಯವಾಣಿ 1800-11-2356ಕ್ಕೂ ಫೋನ್ ಮಾಡು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮದುವೆ ಮನೆಯಲ್ಲಿ ಯಾರಾದರೂ "ಒಂದೇ ಒಂದು ಸೇದೋ, ಏನಾಗಲ್ಲ" ಅಂದರೆ ಎದ್ದು ಹೊರಗೆ ಬಾ, ನನಗೆ ಫೋನ್ ಮಾಡು. ಆ ಆಸೆ ಕೆಲವೇ ನಿಮಿಷ ಇರುತ್ತದೆ. ಅಷ್ಟು ಹೊತ್ತು ಏನಾದರೂ ಮಾತಾಡೋಣ.

ಕೊಯ್ಲು ಶುರುವಾದರೆ ರಾತ್ರಿಯೆಲ್ಲ ಸುಲಿಯೋ ಕೆಲಸ, ಅಕ್ಕಪಕ್ಕ ಬೀಡಿ ಸೇದುವವರು. ಅದಕ್ಕೆ ಮೊದಲೇ ಒಂದು ದಿನ ಗೊತ್ತು ಮಾಡು. ಆ ವಾರ ನಾನು ಶಿವಮೊಗ್ಗದಿಂದ ಬಂದು ನಿಮ್ಮನೆಯಲ್ಲೇ ಇರುತ್ತೇನೆ. ರಜೆ ಹಾಕಬೇಕು, ಯಾವ ದಿನ ಅಂತ ಬೇಗ ತಿಳಿಸು.

ನಿನ್ನ ಗೆಳೆಯ