ಖಾರ್ಟೂಮ್‌ಗೆ ನೆರೆ ಬರುವುದು ಎಲ್ಲಿಂದ?

ಮಾನ್ಯ ಸಂಪಾದಕರೇ,

ಸುಡಾನಿನ ರಾಜಧಾನಿ ಖಾರ್ಟೂಮ್‌ನಲ್ಲಿ ನೆರೆ ಬಂದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ ‘ಭಾರಿ ಮಳೆ, ಉಕ್ಕಿದ ನೈಲ್’ ಎಂಬ ತಲೆಬರಹ ಕಾಣುತ್ತದೆ. ಬಹಳ ಸಲ ಇದು ತಪ್ಪು. ಆ ಊರಿಗೆ ವರ್ಷವಿಡೀ ಬೀಳುವ ಮಳೆ ಸುಮಾರು 150 ಮಿ.ಮೀ. ಮಾತ್ರ. ಮಂಗಳೂರಿನಲ್ಲಿ ಆಟಿಯ ಒಂದು ಜೋರು ದಿನಕ್ಕೇ ಅಷ್ಟು ಸುರಿಯುವುದುಂಟು.

ನೀಲಿ ನೈಲ್, ಬಿಳಿ ನೈಲ್ ಎಂಬ ಎರಡು ನದಿಗಳು ಖಾರ್ಟೂಮ್‌ನಲ್ಲಿ ಕೂಡಿ ನೈಲ್ ಆಗುತ್ತವೆ. ಅಲ್ಲಿ ನದಿ ಏರುವುದು ಇಥಿಯೋಪಿಯದ ಬೆಟ್ಟಗಳ ಮಳೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಆ ನೀರು ಹೆಚ್ಚಾಗಿ ನೀಲಿ ನೈಲ್‌ನಲ್ಲಿ ಇಳಿದು ಬರುತ್ತದೆ. ಆಗಸ್ಟ್ ಕೊನೆ, ಸೆಪ್ಟೆಂಬರ್ ಆರಂಭದ ಹೊತ್ತಿಗೆ ಖಾರ್ಟೂಮ್‌ನಲ್ಲಿ ಮಟ್ಟ ಅತಿ ಹೆಚ್ಚು. 2020ರಲ್ಲಿ 17 ಮೀಟರ್ ದಾಟಿದ್ದು ಹೀಗೆಯೇ. 1988ರ ಆಗಸ್ಟ್‌ನದ್ದು ಬೇರೆ ಬಗೆ. ಆಗ ಒಂದೇ ದಿನ ಊರಿನ ಮೇಲೆಯೇ ಸುಮಾರು 200 ಮಿ.ಮೀ. ಸುರಿದು ಮಣ್ಣಿನ ಮನೆಗಳು ಕರಗಿ ಕುಸಿದವು. ಹೊಳೆಯ ನೆರೆಯನ್ನು ದಂಡೆಯಲ್ಲಿ ತಡೆಯಬೇಕು, ಮಳೆಯ ನೆರೆಗೆ ಚರಂಡಿ ಬೇಕು. ಎರಡನ್ನೂ ಒಂದೇ ಮಾಡಿ ಬರೆದರೆ ಓದುಗನಿಗೆ ಏನೂ ತಿಳಿಯುವುದಿಲ್ಲ.

ಬಿಳಿ ನೈಲ್‌ನ ನಡೆ ಇನ್ನೂ ವಿಶೇಷ. ಅದರ ಪಾತ್ರ ತೀರಾ ಸಮತಟ್ಟು, ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹರಿವು. ನೀಲಿ ನೈಲ್ ರಭಸದಿಂದ ಬಂದಾಗ ಇದಕ್ಕೆ ಮುಂದೆ ಹೋಗಲು ದಾರಿಯೇ ಇರುವುದಿಲ್ಲ. ಹಿಂದಕ್ಕೆ ನಿಂತು ಕೆರೆಯಂತೆ ಹರಡಿಕೊಳ್ಳುತ್ತದೆ. ನೇತ್ರಾವತಿಯ ಅಳಿವೆಯಲ್ಲಿ ಉಬ್ಬರದ ಹೊತ್ತು ನೆರೆನೀರು ಕಡಲಿಗೆ ಇಳಿಯದೆ ನಿಲ್ಲುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಗರದಿಂದ ಸುಮಾರು 40 ಕಿ.ಮೀ. ದಕ್ಷಿಣಕ್ಕೆ 1937ರಲ್ಲಿ ಕಟ್ಟಿದ ಜೆಬೆಲ್ ಔಲಿಯಾ ಅಣೆಕಟ್ಟು ಇರುವುದೂ ಈ ಬಿಳಿ ನೈಲ್‌ನ ಮೇಲೆಯೇ.

ಸಂಗಮದ ಚಿತ್ರ ಹಾಕುವಾಗ ಇನ್ನೊಂದು ಎಚ್ಚರ ಬೇಕು. ನೀರು ಹರಿದು ಹೋಗುವ ಉತ್ತರಕ್ಕೆ ಮುಖ ಮಾಡಿ ತೆಗೆದ ಚಿತ್ರದಲ್ಲಿ ಬಲಗಡೆಯದು ನೀಲಿ ನೈಲ್, ಎಡಗಡೆಯದು ಬಿಳಿ ನೈಲ್. ಹೆಸರು ನಂಬಿ ಬಣ್ಣ ಹುಡುಕಬಾರದು. ನೆರೆಗಾಲದಲ್ಲಿ ಹೂಳು ಹೊತ್ತು ಕಂದು ಬಣ್ಣಕ್ಕೆ ತಿರುಗುವುದು ನೀಲಿ ನೈಲ್! ಖಾರ್ಟೂಮ್‌ನ ಕೆಂಪು ಇಟ್ಟಿಗೆಯ ಭಟ್ಟಿಗಳು ನಡೆದು ಬಂದಿರುವುದು ಈ ಹೂಳಿನಿಂದ. ಹೊಳೆಬದಿಯ ಆವೆಮಣ್ಣಿನಿಂದ ಹೆಂಚು ಸುಟ್ಟ ನಮ್ಮೂರಿಗೆ ಇದು ಹೊಸತಲ್ಲ.

ಎರಡೂ ನದಿ ಸೇರುವಲ್ಲಿ ತೂತಿ ಎಂಬ ಕುದ್ರು, ಅಂದರೆ ಹೊಳೆ ನಡುವಿನ ದ್ವೀಪ, ಇದೆ. 2009ರಲ್ಲಿ ತೂಗುಸೇತುವೆ ಆಗುವವರೆಗೆ ಅಲ್ಲಿಗೆ ದೋಣಿಯೇ ಗತಿಯಾಗಿತ್ತು. ನೆರೆ ಇಳಿದ ಮೇಲೆ ಹೊಸ ಹೂಳಿನಲ್ಲಿ ತರಕಾರಿ ಬೆಳೆಯುವ, ನೀರು ಏರುವಾಗ ಮರಳುಚೀಲ ಪೇರಿಸಿ ದಂಡೆಯಲ್ಲಿ ಸರದಿ ಕಾವಲು ಕೂರುವ ಜನ ಅಲ್ಲಿಯವರು. 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾದ ಮೇಲೆ ಅವರಲ್ಲಿ ಎಷ್ಟೋ ಮಂದಿ ಊರು ಬಿಟ್ಟರು. ಮುಂದಿನ ಸಲ ನೆರೆಯ ಸುದ್ದಿ ಬರೆಯುವಾಗ ನೀಲಿ ನೈಲ್‌ನ ಮಟ್ಟ ಎಷ್ಟು, ಮೇಲಿನ ಅಣೆಕಟ್ಟುಗಳಿಂದ ಬಿಟ್ಟ ನೀರೆಷ್ಟು ಎಂಬುದರ ಜೊತೆಗೆ, ತೂತಿಯ ದಂಡೆ ಕಾಯಲು ಈಗ ಯಾರಿದ್ದಾರೆ ಎಂಬುದನ್ನೂ ದಯವಿಟ್ಟು ವಿಚಾರಿಸಿ ಬರೆಯಿರಿ.

– ಭೂಗೋಳ ಶಿಕ್ಷಕರು, ಬಜಾಲ್, ಮಂಗಳೂರು